ಮುಂಬಾಗಿಲಿಗೆ ಯಾವ ಬೀಗ? ಪ್ಯಾಡ್‌ಲಾಕ್, ರಿಮ್ ಲಾಕ್, ಮಾರ್ಟಿಸ್, ಡಿಜಿಟಲ್: ಹಾಕಿ ನೋಡಿದ ಹೋಲಿಕೆ

ಬೀಗ ಕೊಳ್ಳಲು ಹೋದವರು ಮೊದಲು ಮಾಡುವ ಕೆಲಸ ಅದನ್ನು ಅಂಗೈಯಲ್ಲಿಟ್ಟು ತೂಕ ನೋಡುವುದು. ತೂಕದಿಂದ ತಿಳಿಯುವುದು ಅಷ್ಟಕ್ಕಷ್ಟೇ. ಬಾಗಿಲನ್ನು ಒದ್ದಾಗ, ಹಾರೆಯಿಂದ ಮೀಟಿದಾಗ ಬೀಗವೇ ಒಡೆಯುವುದು ಅಪರೂಪ. ಅದನ್ನು ಹಿಡಿದುಕೊಂಡಿರುವ ಮರ ಸೀಳುತ್ತದೆ, ಸ್ಕ್ರೂ ಕಿತ್ತು ಬರುತ್ತದೆ, ಇಲ್ಲವೇ ಚೌಕಟ್ಟಿನ ತಗಡು ಮಡಚಿಕೊಳ್ಳುತ್ತದೆ. ಆದ್ದರಿಂದ ಈ ನಾಲ್ಕು ಬಗೆಯನ್ನೂ ಒಂದೇ ಥರದ ಬಾಗಿಲಿಗೆ (35 ಮಿ.ಮೀ. ದಪ್ಪದ ಮರದ ಬಾಗಿಲು, ಮರದ ಚೌಕಟ್ಟು, ಒಳಕ್ಕೆ ತೆರೆಯುವಂಥದ್ದು) ಹಾಕಿ ಬಳಸಿದಾಗ ನೋಡಿದ್ದು ಮೂರು ವಿಷಯ: ಬಲ ಬಿದ್ದರೆ ಎಲ್ಲಿ ಸೋಲುತ್ತದೆ, ದಿನಬಳಕೆಯಲ್ಲಿ ಮನೆಯವರನ್ನು ಎಲ್ಲಿ ಕಾಡುತ್ತದೆ, ನಡುರಾತ್ರಿ ಹೊಗೆ ತುಂಬಿದರೆ ಒಳಗಿದ್ದವರು ಎಷ್ಟು ಬೇಗ ಹೊರಗೆ ಬರಬಹುದು. ಮೂರನೆಯದನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಕಳ್ಳತನದಷ್ಟೇ ಅದೂ ಮುಖ್ಯ.

ಚಿಲಕಕ್ಕೆ ಪ್ಯಾಡ್‌ಲಾಕ್

ಇದರ ದೊಡ್ಡ ಅನುಕೂಲವೆಂದರೆ ಬಾಗಿಲನ್ನು ಕೊರೆಯುವ ರಗಳೆ ಇಲ್ಲ. ಬೀಗ ಕೆಟ್ಟರೆ ನಿಮಿಷದಲ್ಲಿ ಬದಲಾಯಿಸಬಹುದು. ಕೊಳ್ಳುವಾಗ ನೋಡಬೇಕಾದ್ದು ಕೊಂಡಿಯನ್ನು. 6 ಮಿ.ಮೀ. ಕೊಂಡಿಯನ್ನು ಸಣ್ಣ ಬೋಲ್ಟ್ ಕಟರ್ ಕಚ್ಚಿ ಬಿಸಾಡುತ್ತದೆ. 10 ಮಿ.ಮೀ.ಗಿಂತ ದಪ್ಪದ, ಗಟ್ಟಿಗೊಳಿಸಿದ ಉಕ್ಕಿನ ಕೊಂಡಿಯಾದರೆ ಕತ್ತರಿಸುವವನಿಗೆ ಉದ್ದನೆಯ ಹಿಡಿಕೆಯ ಕಟರ್ ಬೇಕಾಗುತ್ತದೆ. ಕೊಂಡಿಗೂ ಬೀಗದ ಒಡಲಿಗೂ ನಡುವೆ ಜಾಗ ಕಡಿಮೆ ಇದ್ದಷ್ಟೂ ಕಟರಿನ ಬಾಯಿ ಒಳಗೆ ತೂರುವುದು ಕಷ್ಟ. ಬೀಗ ತೆರೆದು ಕೊಂಡಿಯ ಎರಡೂ ಕಾಲುಗಳನ್ನು ನೋಡಿ: ಎರಡರಲ್ಲೂ ಕಚ್ಚು ಇದ್ದರೆ ಬೀಗ ಎರಡು ಕಡೆ ಹಿಡಿಯುತ್ತದೆ, ಒಂದರಲ್ಲೇ ಇದ್ದರೆ ಒಂದು ಕಡೆ ಕತ್ತರಿಸಿ ತಿರುಗಿಸಿದರೆ ಮುಗಿಯಿತು. ಡಬ್ಬಿಯ ಮೇಲೆ ಇಎನ್ 12320 ಎಂಬ ಐರೋಪ್ಯ ಮಾನದಂಡದ ದರ್ಜೆ ಇದ್ದರೆ ಹೋಲಿಸುವುದು ಸಲೀಸು. ಅದು 1ರಿಂದ 6ರವರೆಗೆ ಏರುತ್ತದೆ.

ಆದರೆ ಇಷ್ಟೆಲ್ಲ ನೋಡಿ ತಂದ ಬೀಗವನ್ನು 20 ಮಿ.ಮೀ. ಸ್ಕ್ರೂಗಳ ಚಿಲಕಕ್ಕೆ ನೇತುಹಾಕಿದರೆ ಏನೂ ಪ್ರಯೋಜನವಿಲ್ಲ. ಚಿಲಕವನ್ನು ಬಾಗಿಲಿನ ಆಚೆಯಿಂದ ಈಚೆಗೆ ತೂರುವ ಬೋಲ್ಟ್‌ನಲ್ಲಿ ಕೂರಿಸಬೇಕು: ಹೊರಗೆ ಸ್ಕ್ರೂಡ್ರೈವರ್ ಹಿಡಿಯದ ಗುಂಡು ತಲೆ, ಒಳಗೆ ಅಗಲ ವಾಷರ್ ಮತ್ತು ನಟ್. ಬೀಗ ಹಾಕಿದ ಮೇಲೆ ಹೊರಗಿನಿಂದ ಒಂದೇ ಒಂದು ಸ್ಕ್ರೂ ತಲೆ ಕಂಡರೂ ಅಲ್ಲಿಂದಲೇ ಕೆಲಸ ಶುರುವಾಗುತ್ತದೆ.

ಮುಂಬಾಗಿಲಿಗೆ ಇದನ್ನು ನಾವು ಒಪ್ಪದಿರಲು ಕಾರಣ ಬೇರೆ. ಹೊರಗೆ ನೇತಾಡುವ ಬೀಗ ಮನೆಯಲ್ಲಿ ಯಾರೂ ಇಲ್ಲವೆಂದು ಬೀದಿಗೆಲ್ಲ ಸಾರುತ್ತದೆ. ಒಳಗಿದ್ದಾಗ ಅದರಿಂದ ಉಪಯೋಗವಿಲ್ಲ. ಹೊರಗೆ ಚಿಲಕವಿದ್ದರೆ ನೀವು ಒಳಗಿರುವಾಗ ಯಾರು ಬೇಕಾದರೂ ಅದನ್ನು ಎಳೆದು ಹೋಗಬಹುದು. ಗೇಟು, ಉಗ್ರಾಣ, ಗ್ಯಾರೇಜಿಗೆ ಸರಿ. ಅಲ್ಲಿಗೆ ಇದರ ಮಾತು ಸಾಕು.

ರಿಮ್ ಲಾಕ್

ಬಾಗಿಲಿನ ಒಳಮೈಗೆ ಅಂಟಿ ಕೂರುವ ಪೆಟ್ಟಿಗೆ, ಹೊರಗೆ ಕೀ ತೂರಿಸುವ ಸಿಲಿಂಡರ್ ಮಾತ್ರ. ಬಾಗಿಲಿಗೆ ಸುಮಾರು 32 ಮಿ.ಮೀ.ಯ ಒಂದು ತೂತು ಹೊಡೆದರೆ ಸಾಕು. ಮರದ ಒಡಲು ಕೊರೆಯಬೇಕಿಲ್ಲವಾದ್ದರಿಂದ ಬಾಗಿಲಿನ ಬಲ ಹಾಗೇ ಉಳಿಯುತ್ತದೆ. ಸಿಲಿಂಡರಿನ ಹಿಂದೆ ಚಪ್ಪಟೆ ಪಟ್ಟಿಯೊಂದು ಚಾಚಿಕೊಂಡಿರುತ್ತದೆ. ಅದನ್ನು ಬಾಗಿಲಿನ ದಪ್ಪಕ್ಕೆ ತಕ್ಕಂತೆ ಕತ್ತರಿಸಬೇಕು. ಉದ್ದ ಬಿಟ್ಟರೆ ಪೆಟ್ಟಿಗೆ ಸರಿಯಾಗಿ ಕೂರದೆ ಕೀ ಬಿಗಿಯುತ್ತದೆ. ಗಿಡ್ಡ ಮಾಡಿದರೆ ಕೀ ತಿರುಗುತ್ತದೆ, ಬೀಗ ತೆರೆಯುವುದಿಲ್ಲ. ಮೊದಲು ಉದ್ದವೇ ಇಟ್ಟು, ಕೂರಿಸಿ ನೋಡಿ, ಸ್ವಲ್ಪಸ್ವಲ್ಪ ಕತ್ತರಿಸುವುದು ಜಾಣತನ.

ಇದರಲ್ಲಿ ಎರಡು ಜಾತಿ. ಬರೀ ಸ್ಪ್ರಿಂಗ್ ನಾಲಿಗೆಯದು ಬಾಗಿಲು ತಳ್ಳಿದರೆ ತಾನೇ ಬೀಳುತ್ತದೆ. ಸಂದಿಯಲ್ಲಿ ಪ್ಲಾಸ್ಟಿಕ್ ತುಂಡು ತೂರಿಸಿದರೆ ನಾಲಿಗೆ ಹಿಂದೆ ಸರಿಯುತ್ತದೆ. ಗಾಳಿಗೆ ಬಾಗಿಲು ಬಡಿದುಕೊಂಡರೆ ಒಲೆ ಒಳಗೆ, ನೀವು ಹೊರಗೆ. ಇನ್ನೊಂದು, ಕೀ ತಿರುಗಿಸಿದಾಗಷ್ಟೇ ಚಾಚುವ ಗಟ್ಟಿ ಬೋಲ್ಟಿನದು. ಅದನ್ನೇ ತನ್ನಿ.

ಬಲ ಬಿದ್ದಾಗ ರಿಮ್ ಲಾಕ್ ಸೋಲುವ ಜಾಗ ಚೌಕಟ್ಟಿನಲ್ಲಿ ಬೋಲ್ಟ್ ಹೊಗುವ ಎದುರುಪೆಟ್ಟಿಗೆ. ಬಾಗಿಲು ಒಳಕ್ಕೆ ತೆರೆಯುವುದಾದ್ದರಿಂದ ಹೊರಗಿನ ಒದೆತವೆಲ್ಲ ಆ ಪೆಟ್ಟಿಗೆಯ ಸ್ಕ್ರೂಗಳನ್ನು ನೇರವಾಗಿ ಹೊರಕ್ಕೆ ಎಳೆಯುತ್ತದೆ. ಜೊತೆಗೆ ಬರುವ ಸ್ಕ್ರೂಗಳು ಬಹುಪಾಲು ಗಿಡ್ಡ. ಅವನ್ನು ಬದಿಗಿಟ್ಟು ಮರದ ಆಳಕ್ಕೆ ಇಳಿಯುವ 60–75 ಮಿ.ಮೀ. ಉಕ್ಕಿನ ಸ್ಕ್ರೂ ಹಾಕಿ. ಮೊದಲು ಸಣ್ಣ ಡ್ರಿಲ್ಲಿನಿಂದ ದಾರಿ ಮಾಡದಿದ್ದರೆ ಮರ ಸೀಳುತ್ತದೆ. ಚೌಕಟ್ಟಿನ ಮುಖಕ್ಕೂ ಅಂಚಿಗೂ ಎಲ್ ಆಕಾರದಲ್ಲಿ ಮಡಚಿಕೊಳ್ಳುವ ಎದುರುಪೆಟ್ಟಿಗೆ ಸಿಕ್ಕರೆ ಬಿಡಬೇಡಿ. ಎರಡು ದಿಕ್ಕಿನಿಂದ ಸ್ಕ್ರೂ ಬಿದ್ದರೆ ಕೀಳುವುದು ಸುಲಭವಲ್ಲ.

ಬಾಗಿಲಿನ ಪಕ್ಕದಲ್ಲೇ ಗಾಜಿದ್ದರೆ ಅದನ್ನು ಒಡೆದು ಕೈ ಹಾಕಿ ಒಳಗಿನ ಹಿಡಿ ತಿರುಗಿಸಬಹುದು ಎಂಬುದನ್ನು ಮರೆಯಬಾರದು. ಅಂಥಲ್ಲಿ ಬೀಗವನ್ನು ಗಾಜಿನಿಂದ ತೋಳಳತೆ ದೂರಕ್ಕೆ ಒಯ್ಯುವುದು ಅಥವಾ ಗಾಜಿಗೆ ಸರಳು ಹಾಕಿಸುವುದು ಮೇಲು. ಒಳಗೂ ಕೀ ಬೇಕಾಗುವ ಬೀಗ ಹಾಕುವುದು ಕಳ್ಳನಿಗೆ ಅಡ್ಡಿ ನಿಜ, ಬೆಂಕಿ ಬಿದ್ದರೆ ಮನೆಯವರಿಗೂ ಅಡ್ಡಿ.

ಮಾರ್ಟಿಸ್

ಬಾಗಿಲಿನ ಒಡಲೊಳಗೇ ಹುದುಗುವ ಬೀಗ. ಚೆನ್ನಾಗಿ ಕೂರಿಸಿದರೆ ನಾಲ್ಕರಲ್ಲಿ ಇದೇ ನಮ್ಮ ಮೊದಲ ಆಯ್ಕೆ. ಕೆಟ್ಟದಾಗಿ ಕೂರಿಸಿದರೆ ಬಾಗಿಲನ್ನೇ ಹಾಳುಮಾಡುವುದೂ ಇದೇ.

35 ಮಿ.ಮೀ. ಬಾಗಿಲಿನಲ್ಲಿ ಬೀಗದ ಗೂಡು 15 ಮಿ.ಮೀ. ತಿಂದರೆ ಎರಡೂ ಕಡೆ ಉಳಿಯುವುದು ತಲಾ 10 ಮಿ.ಮೀ. ಮರ. ಅದಕ್ಕಿಂತ ತೆಳು ಬಾಗಿಲಿಗೆ ಬೇಡ. ಒದ್ದಾಗ ಗೂಡಿನ ಗುಂಟ ನೇರವಾಗಿ ಸೀಳುತ್ತದೆ. ನಿಲುವು ಪಟ್ಟಿಗೂ ಅಡ್ಡ ಪಟ್ಟಿಗೂ ಜೋಡಣೆ ಇರುವ ಜಾಗದಲ್ಲಿ ಗೂಡು ಕೊರೆಯಬಾರದು. ಅಲ್ಲಿನ ಗೂಟವನ್ನೇ ಕತ್ತರಿಸಿದಂತಾಗಿ ಬಾಗಿಲು ಸಡಿಲಾಗುತ್ತದೆ. ಫ್ಲಶ್ ಡೋರ್ ಆದರೆ ಬೀಗಕ್ಕೆಂದು ಗಟ್ಟಿಮರ ತುಂಬಿರುವ ಪಕ್ಕ ಯಾವುದೆಂದು ಮೊದಲು ಬೆರಳಿನಿಂದ ತಟ್ಟಿ ತಿಳಿದುಕೊಳ್ಳಿ. ಟೊಳ್ಳು ಸದ್ದು ಬಂದ ಕಡೆ ಉಳಿ ಹಿಡಿಯಬೇಡಿ.

ಬೋಲ್ಟ್ ಕನಿಷ್ಠ 20 ಮಿ.ಮೀ. ಚಾಚಬೇಕು. ತಪ್ಪು ಹೆಚ್ಚಾಗಿ ಆಗುವುದು ಚೌಕಟ್ಟಿನ ತೂತಿನಲ್ಲಿ. ಅದನ್ನು ಸಾಕಷ್ಟು ಆಳ ತೋಡದಿದ್ದರೆ ಬೋಲ್ಟ್ ಅರ್ಧಕ್ಕೇ ನಿಲ್ಲುತ್ತದೆ, ಕೀ ಪೂರ್ತಿ ಸುತ್ತುವುದಿಲ್ಲ, "ಹೊಸ ಬೀಗ, ಸ್ವಲ್ಪ ಬಿಗಿ ಇರುತ್ತೆ" ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಅರ್ಧ ಚಾಚಿದ ಬೋಲ್ಟ್ ಒಳಗೆ ಸಿಕ್ಕಿಕೊಂಡಿರುವುದಿಲ್ಲ, ಹಿಂದಕ್ಕೆ ತಳ್ಳಬಹುದು. ಪರೀಕ್ಷೆ ಸುಲಭ: ಬೋಲ್ಟಿನ ತುದಿಗೆ ಸೀಮೆಸುಣ್ಣ ಬಳಿದು ಬಾಗಿಲು ಮುಚ್ಚಿ ಕೀ ತಿರುಗಿಸಿ ತೆಗೆಯಿರಿ. ಗುರುತು ತಗಡಿನ ಮೇಲೆ ಬಿದ್ದಿದ್ದರೆ ತೂತು ಅಷ್ಟು ಮೇಲೋ ಕೆಳಗೋ ಹೋಗಬೇಕು. ತೂತಿನ ತಳದಲ್ಲಿ ಬಿದ್ದಿದ್ದರೆ ಆಳ ಸಾಲದು. ತಗಡಿಗೆ ಇಲ್ಲೂ ಅದೇ ಉದ್ದನೆಯ ಸ್ಕ್ರೂ.

ಇನ್ನು ಸಿಲಿಂಡರ್. ಬೀಗದ ಒಡಲಿಗಿಂತ ಹೆಚ್ಚು ಯೋಚಿಸಬೇಕಾದ್ದು ಇದರ ಬಗ್ಗೆ. ಯೂರೋ ಸಿಲಿಂಡರ್ ಎಂಬ, ಕೆಳಗೆ ಬಾಲವಿರುವ ತೂತಿನ ಆಕಾರದ ತುಂಡು ನಡುವೆ ತೆಳ್ಳಗಿರುತ್ತದೆ. ಅದನ್ನು ಹಿಡಿದಿಡುವ ಸ್ಕ್ರೂ ತೂರುವುದೂ ಅಲ್ಲೇ. ಹೊರತುದಿ ಹಿಡಿಕೆಯ ತಗಡಿನಿಂದ ಮುಂದಕ್ಕೆ ಚಾಚಿಕೊಂಡಿದ್ದರೆ ಇಕ್ಕಳದಲ್ಲಿ ಕಚ್ಚಿ ಅಲುಗಾಡಿಸಿ ಅಲ್ಲಿಗೆ ಸರಿಯಾಗಿ ಮುರಿಯಬಹುದು. ಮುರಿದ ಮೇಲೆ ಸ್ಕ್ರೂಡ್ರೈವರಿನಿಂದಲೇ ಬೋಲ್ಟ್ ಸರಿಸಬಹುದು. ಆದ್ದರಿಂದ ಹೊರಗೆ 3 ಮಿ.ಮೀ.ಗಿಂತ ಹೆಚ್ಚು ಚಾಚಿರಬಾರದು. ಅಳತೆ ತೆಗೆಯುವುದು ಸ್ಕ್ರೂ ತೂತಿನ ಮಧ್ಯದಿಂದ ಎರಡೂ ತುದಿಗೆ, ಬೇರೆಬೇರೆಯಾಗಿ: 30/30, 30/35, ಹೀಗೆ. ಒಟ್ಟು ಉದ್ದ 65 ಎಂದಷ್ಟೇ ಹೇಳಿದರೆ ಅಂಗಡಿಯವನು ಯಾವುದೋ ಕೊಟ್ಟು ಉದ್ದದ ತುದಿ ಹೊರಗೆ ಬರುತ್ತದೆ. ಮುರಿತಕ್ಕೆಂದೇ ಮುಂದೆ ಗೀರು ಕೊಟ್ಟ ಸಿಲಿಂಡರ್‌ಗಳಿವೆ. ತುದಿ ಮುರಿದರೂ ಉಳಿದ ಭಾಗ ಬೀಗವನ್ನು ಬಿಡುವುದಿಲ್ಲ. ಬೀದಿಯ ಬಾಗಿಲಿಗೆ ಅದು ಇರಲಿ.

ಒಳಗಡೆ ಕೀ ಬದಲು ಬೆರಳಲ್ಲಿ ತಿರುಗಿಸುವ ಗುಬ್ಬಿ ಇರುವ ಸಿಲಿಂಡರ್ ತನ್ನಿ. ಎರಡೂ ಕಡೆ ಕೀ ಇರುವ ಸಾಧಾರಣ ಸಿಲಿಂಡರಿನಲ್ಲಿ ಒಳಗೆ ಕೀ ಬಿಟ್ಟರೆ ಹೊರಗಿನ ಕೀ ಕೆಲಸ ಮಾಡುವುದಿಲ್ಲ. ವಯಸ್ಸಾದವರು ಒಳಗೆ ಬಿದ್ದು ಏಳಲಾಗದಿದ್ದಾಗ ಈ ಸಣ್ಣ ವಿಷಯವೇ ಬಾಗಿಲು ಒಡೆಯುವವರೆಗೆ ಒಯ್ಯುತ್ತದೆ. ಪುಟ್ಟ ಮಕ್ಕಳು ಗುಬ್ಬಿ ತಿರುಗಿಸಿ ಹೊರಗೋಡುವ ಭಯವಿದ್ದರೆ ಅವರ ಕೈಗೆ ಎಟುಕದ ಎತ್ತರದಲ್ಲಿ ಒಂದು ಚಿಲಕ ಸಾಕು.

ಲಿವರ್ ಮಾರ್ಟಿಸ್, ಅಂದರೆ ಪಿನ್ನುಗಳ ಬದಲು ಕೀ ಎತ್ತುವ ಚಪ್ಪಟೆ ಪಟ್ಟಿಗಳು (ಲಿವರ್) ಒಳಗಿರುವ ಬೀಗ ಕೂಡ ಇನ್ನೂ ಸಿಗುತ್ತದೆ. ಆ ತಂತ್ರ 1778ರಲ್ಲಿ ಇಂಗ್ಲೆಂಡಿನ ರಾಬರ್ಟ್ ಬ್ಯಾರನ್ ಪೇಟೆಂಟ್ ಪಡೆದದ್ದು. ಇಂದಿನ ಸಿಲಿಂಡರಿನೊಳಗಿನ ಪಿನ್ ಬೀಗ ಅಮೆರಿಕದ ಲೈನಸ್ ಯೇಲ್ ಜೂನಿಯರ್ 1860ರ ದಶಕದಲ್ಲಿ ರೂಪಿಸಿದ್ದು. ಐದು ಲಿವರಿಗಿಂತ ಕಡಿಮೆಯದು ಮುಂಬಾಗಿಲಿಗೆ ಬೇಡ. ಕೀ ಕಳೆದರೆ ಲಿವರ್ ಬೀಗದಲ್ಲಿ ಇಡೀ ಒಡಲೇ ಬದಲಾಗಬೇಕಾಗುವುದೇ ಹೆಚ್ಚು. ಸಿಲಿಂಡರಿನದಾದರೆ ತುಂಡು ಮಾತ್ರ.

ಕೀ ಬಿಗಿಯಾದರೆ ತಲೆಗೆ ಹಚ್ಚುವ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬಿಡುವ ಅಭ್ಯಾಸ ಹಲವರಿಗಿದೆ. ಎರಡು ದಿನ ಹೂವಿನಂತೆ ತಿರುಗಿ, ಆಮೇಲೆ ಧೂಳು ಹಿಡಿದು ಒಳಗಿನ ಪಿನ್ನುಗಳು ಮೊದಲಿಗಿಂತ ಕೆಟ್ಟದಾಗಿ ಅಂಟಿಕೊಳ್ಳುತ್ತವೆ. ಗ್ರಾಫೈಟ್ ಪುಡಿಯೇ ಸರಿ. ಮೆತ್ತನೆಯ ಪೆನ್ಸಿಲ್ಲಿನ ಸೀಸವನ್ನು ಕೀಲಿಕೈಯ ಹಲ್ಲಿಗೆ ಉಜ್ಜಿ ನಾಲ್ಕಾರು ಸಲ ಒಳಗೆ ಹೊರಗೆ ಮಾಡಿದರೂ ನಡೆಯುತ್ತದೆ.

ಡಿಜಿಟಲ್

ಬೆರಳಚ್ಚು, ನಂಬರು, ಕಾರ್ಡು, ಮೊಬೈಲು: ತೆರೆಯುವ ದಾರಿ ಎಷ್ಟೇ ಇರಲಿ, ಬಾಗಿಲನ್ನು ಹಿಡಿಯುವುದು ಅದೇ ಮಾರ್ಟಿಸ್ ಅಥವಾ ರಿಮ್ ಒಡಲು. ಚೌಕಟ್ಟು ಸಡಿಲವಿದ್ದರೆ ದುಬಾರಿ ಬೀಗಕ್ಕೂ ಅದೇ ಗತಿ. ಇದು ಗೆಲ್ಲುವುದು ಕೀಲಿಕೈಗಳ ಲೆಕ್ಕದಲ್ಲಿ. ಕೆಲಸದವರಿಗೆ, ಶಾಲೆಯಿಂದ ಬರುವ ಮಗುವಿಗೆ ಬೇರೆಬೇರೆ ನಂಬರು ಕೊಟ್ಟು ಬೇಡವಾದಾಗ ಅಳಿಸಬಹುದು. ಕೀ ಕೊಟ್ಟವರು ಅದನ್ನು ವಾಪಸು ಕೊಟ್ಟರೂ ನಕಲು ಮಾಡಿಸಿಲ್ಲವೆಂದು ಹೇಗೆ ಹೇಳುವುದು?

ಬೆರಳಚ್ಚನ್ನೇ ನಂಬಿ ಕೊಳ್ಳಬೇಡಿ. ಒದ್ದೆ ಬೆರಳು, ಸಿಮೆಂಟು–ಮಣ್ಣಿನ ಕೆಲಸದಲ್ಲಿ ಸವೆದ ಬೆರಳು, ಒಣಗಿದ ವೃದ್ಧರ ಬೆರಳು, ಪುಟ್ಟ ಮಕ್ಕಳ ಬೆರಳು ಇವೆಲ್ಲಕ್ಕೂ ತಕರಾರು ತೆಗೆಯುತ್ತದೆ. ಪ್ರತಿಯೊಬ್ಬರದೂ ಎರಡು ಬೆರಳು, ಎರಡೂ ಕೈಯಿಂದ ಒಂದೊಂದು, ನಮೂದಿಸಿಡಿ. ನಂಬರು ನಾಲ್ಕಂಕಿಯದಾದರೆ ಸಾಧ್ಯತೆ 10,000. ಆರಂಕಿಯಾದರೆ 10 ಲಕ್ಷ. ಗಾಜಿನ ಪಟ್ಟಿಯ ಮೇಲೆ ಬೆರಳಿನ ಜಿಡ್ಡು ಉಳಿದು ಯಾವ ಅಂಕಿಗಳೆಂದು ಕಾಣುತ್ತದೆ, ಅದಕ್ಕೇ ನಿಜವಾದ ನಂಬರಿನ ಹಿಂದೆ ಮುಂದೆ ಬೇಕಾಬಿಟ್ಟಿ ಅಂಕಿ ಒತ್ತಲು ಬಿಡುವ ಸೌಲಭ್ಯ ಹಲವು ಬೀಗಗಳಲ್ಲಿದೆ. ಬಳಸಿ.

ಬಹುಪಾಲು ಬೀಗಗಳು ನಾಲ್ಕು ಎಎ ಸೆಲ್ಲಿನಲ್ಲಿ ನಡೆಯುತ್ತವೆ. ಆಲ್ಕಲೈನ್ ಸೆಲ್ಲನ್ನೇ ಹಾಕಿ, ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿ. ರೀಚಾರ್ಜ್ ಸೆಲ್ಲಿನದು 1.2 ವೋಲ್ಟ್, ಆಲ್ಕಲೈನಿನದು 1.5. ಹಾಗಾಗಿ ಬೀಗದ ಎಚ್ಚರಿಕೆ ದೀಪದ ಲೆಕ್ಕ ತಪ್ಪುತ್ತದೆ. ಸೆಲ್ ಪೂರ್ತಿ ಸತ್ತರೆ ಹೊರಗಿನಿಂದ 9 ವೋಲ್ಟ್ ಬ್ಯಾಟರಿ ಒತ್ತಿಹಿಡಿಯುವ ಬಿಂದುಗಳೋ, ಯುಎಸ್‌ಬಿ ತೂತೋ ಇರಬೇಕು. ಜೊತೆಗೆ ಯಾಂತ್ರಿಕ ಕೀ. ಆ ಕೀಯನ್ನು ಮನೆಯೊಳಗಿನ ಬೀರುವಿನಲ್ಲಿಟ್ಟವರೇ ಹೆಚ್ಚು! ನಂಬಿಕಸ್ಥರ ಮನೆಯಲ್ಲಿ ಇಡಿ. ಕೊಂಡ ದಿನವೇ ಒಮ್ಮೆ ಆ ಕೀ ಹಾಕಿ ತೆರೆದು ನೋಡಿ.

ಸೆಲ್ ಬೇಗ ಬೇಗ ಮುಗಿಯುತ್ತಿದ್ದರೆ ಸೆಲ್ಲನ್ನು ಬೈಯುವ ಮುನ್ನ ಬಾಗಿಲು ನೋಡಿ. ಬಾಗಿಲು ಜೋತು ಬೋಲ್ಟ್ ತಗಡಿಗೆ ಉಜ್ಜುತ್ತಿದ್ದರೆ ಮೋಟಾರು ಪ್ರತಿ ಸಲವೂ ಹೆಣಗುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿದಾಗ ಇದು ಹೆಚ್ಚು. ಕೈಯಿಂದ ಬಾಗಿಲನ್ನು ಎತ್ತದೆ, ಎಳೆಯದೆ ಬೋಲ್ಟ್ ಸಲೀಸಾಗಿ ಹೋಗುವಂತೆ ಹಿಂಜ್ ಬಿಗಿ ಮಾಡಿಸಿದ ಮೇಲೆಯೇ ಡಿಜಿಟಲ್ ಹಾಕಿಸಿ. ನೇರ ಮಳೆ ಬಡಿಯುವ ಬಾಗಿಲಿಗೆ, ಮೇಲೆ ಸೂರಿಲ್ಲದಿದ್ದರೆ, ಬೇಡವೇ ಬೇಡ.

ಹಾಗಾದರೆ ಯಾವುದು

ಒಂದೇ ಬೀಗ ಎಂದರೆ ಗುಬ್ಬಿಯಿರುವ ಸಿಲಿಂಡರಿನ ಮಾರ್ಟಿಸ್. ಬಾಗಿಲು ತೆಳುವಾಗಿದ್ದರೆ ಗಟ್ಟಿ ಬೋಲ್ಟಿನ ರಿಮ್. ಎರಡು ಹಾಕುವುದಾದರೆ ಒಂದರ ಪಕ್ಕದಲ್ಲೇ ಇನ್ನೊಂದನ್ನು ಹಾಕಬೇಡಿ: ಮಾರ್ಟಿಸ್ ಸೊಂಟದೆತ್ತರದಲ್ಲಿ, ರಿಮ್ ಅದರಿಂದ ಕನಿಷ್ಠ 30 ಸೆಂ.ಮೀ. ಮೇಲೆ, ಒದೆತದ ಬಲ ಹಂಚಿಹೋಗುವಂತೆ. ಡಿಜಿಟಲ್ ಬೇಕೆಂದಿದ್ದರೆ ಬಂದುಹೋಗುವವರು ಹೆಚ್ಚಿರುವ ಮನೆಗೆ. ಬಾಗಿಲು ಹೊರಕ್ಕೆ ತೆರೆಯುವುದಾದರೆ ಹಿಂಜಿನ ಪಿನ್ನು ಹೊರಗೇ ಇರುತ್ತದೆ. ಅದನ್ನು ಕಿತ್ತರೂ ಬಾಗಿಲು ಕಳಚದಂತೆ ಹಿಂಜ್ ಕಡೆಯ ಅಂಚಿನಲ್ಲಿ ಎರಡು ಉಕ್ಕಿನ ಗೂಟ, ಎದುರಿಗೆ ಅವು ಕೂರುವ ತೂತು ಮಾಡಿಸಿ.

ಬಾಡಿಗೆ ಮನೆಗೆ ಹೊಸದಾಗಿ ಹೋದವರಿಗೆ ಈ ಯಾವ ಖರ್ಚೂ ಬೇಕಿಲ್ಲ. ಮೊದಲಿದ್ದವರ ಬಳಿ ಎಷ್ಟು ಕೀ ಉಳಿದಿವೆಯೋ ಗೊತ್ತಿಲ್ಲವಾದ್ದರಿಂದ ಮಾಲೀಕರ ಒಪ್ಪಿಗೆ ಕೇಳಿ ಸಿಲಿಂಡರ್ ಒಂದನ್ನೇ ಬದಲಿಸಿ. ಬಾಗಿಲಿನ ಅಂಚಿನಲ್ಲಿ, ಸಿಲಿಂಡರಿನ ನೇರಕ್ಕೆ ಇರುವ ಉದ್ದನೆಯ ಸ್ಕ್ರೂ ಪೂರ್ತಿ ತೆಗೆಯಿರಿ. ಕೀ ಹಾಕಿ ತುಸುವೇ, ಗಡಿಯಾರದ ಮುಳ್ಳು ಎರಡು ನಿಮಿಷ ಸರಿಯುವಷ್ಟು, ಅತ್ತಿತ್ತ ತಿರುಗಿಸುತ್ತ ಎಳೆಯಿರಿ. ನಡುವಿನ ಹಲ್ಲು ಒಡಲಿನೊಂದಿಗೆ ಸಮವಾದ ಕ್ಷಣ ಜಾರಿ ಬರುತ್ತದೆ. ಹೊಸದನ್ನು ಅದೇ ರೀತಿ ತೂರಿಸಿ, ಸ್ಕ್ರೂ ಹಾಕಿ, ಬಾಗಿಲು ತೆರೆದಿರುವಾಗಲೇ ಎರಡೂ ಕಡೆಯಿಂದ ತಿರುಗಿಸಿ ನೋಡಿ, ಆಮೇಲೆ ಮುಚ್ಚಿ. ಹಳೆಯ ಸಿಲಿಂಡರನ್ನು ಕೀ ಸಮೇತ ಕವರಿನಲ್ಲಿ ಕಟ್ಟಿಡಿ. ಮನೆ ಬಿಡುವಾಗ ಅದನ್ನೇ ಮತ್ತೆ ಹಾಕಿಕೊಟ್ಟು, ನಿಮ್ಮದನ್ನು ಮುಂದಿನ ಮನೆಗೆ ಒಯ್ಯಬಹುದು, ಅಳತೆ ಹೊಂದಿದರೆ.