ಸೋರಿಯಾಸಿಸ್‌ಗೆ ಸೆಕ್ಯುಕಿನುಮ್ಯಾಬ್ ಚುಚ್ಚುಮದ್ದು: ಮೂರು ವರ್ಷ ಬಳಸಿದ ಮೇಲೆ

ಬೆಳಿಗ್ಗೆ ಎದ್ದೊಡನೆ ಹಾಸಿಗೆ ಕೊಡವಿ, ಉದುರಿದ ಬಿಳಿ ಹುರುಪೆಯನ್ನು ಮನೆಯವರು ಏಳುವ ಮೊದಲೇ ಗುಡಿಸಿ ಹಾಕುವುದು ಹದಿನಾಲ್ಕು ವರ್ಷಗಳ ಕಾಲ ನನ್ನ ದಿನಚರಿಯಾಗಿತ್ತು. ಕೋಲ್ ಟಾರ್ ಮತ್ತು ಸ್ಟೀರಾಯ್ಡ್ ಮುಲಾಮುಗಳು, ನಂಜೆಂದು ಬದನೆಕಾಯಿ ಬಿಟ್ಟ ಪಥ್ಯ, ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಎಲ್ಲವೂ ಆಗಿದ್ದವು. ಮೆಥೊಟ್ರೆಕ್ಸೇಟ್ ಕೆಲವು ವರ್ಷ ರೋಗವನ್ನು ಹತೋಟಿಯಲ್ಲಿಟ್ಟಿತ್ತಾದರೂ, ಯಕೃತ್ತಿನ ಪರೀಕ್ಷೆಯ ಅಂಕಿಗಳು ಏರತೊಡಗಿದಾಗ ಚರ್ಮರೋಗ ತಜ್ಞರು ಅದನ್ನು ನಿಲ್ಲಿಸಿ ಬಯಾಲಜಿಕ್ ಔಷಧಿಯ, ಅಂದರೆ ಜೀವಕೋಶಗಳ ಮೂಲಕ ತಯಾರಿಸುವ ಔಷಧಿಯ ಮಾತೆತ್ತಿದರು.

ಸೋರಿಯಾಸಿಸ್ ಅಂಟುರೋಗವಲ್ಲ. ರೋಗನಿರೋಧಕ ವ್ಯವಸ್ಥೆ ಕೆರಳಿ, ಸುಮಾರು ಒಂದು ತಿಂಗಳಲ್ಲಿ ಬಲಿತು ಉದುರಬೇಕಾದ ಚರ್ಮದ ಕೋಶಗಳು ಕೆಲವೇ ದಿನಗಳಲ್ಲಿ ಮೇಲೆ ಬಂದು ಗುಡ್ಡೆಯಾಗುತ್ತವೆ. ಈ ಕೆರಳಿಕೆಯನ್ನು ಹಬ್ಬಿಸುವ ಇಂಟರ್‌ಲ್ಯೂಕಿನ್-17ಎ ಎಂಬ ಪ್ರೋಟೀನನ್ನು ಸೆಕ್ಯುಕಿನುಮ್ಯಾಬ್ ತಡೆಯುತ್ತದೆ. ಈ ಔಷಧಿಯೂ ಒಂದು ಪ್ರೋಟೀನೇ ಆದ್ದರಿಂದ ನುಂಗಿದರೆ ಜೀರ್ಣವಾಗಿಹೋಗುತ್ತದೆ. ಹೀಗಾಗಿ ಚುಚ್ಚುಮದ್ದಿನ ರೂಪದಲ್ಲೇ ಕೊಡಬೇಕು.

ಆರಂಭಿಸುವ ಮೊದಲು ಎದೆಯ ಎಕ್ಸ್‌ರೇ, ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆಗಳ ಜೊತೆಗೆ ಕ್ಷಯರೋಗದ ರಕ್ತಪರೀಕ್ಷೆಯೂ ನಡೆಯಿತು. ಕೆಮ್ಮು, ಜ್ವರ ಏನೂ ಇಲ್ಲದ ನನ್ನ ದೇಹದಲ್ಲಿ ಕ್ಷಯದ ಸೋಂಕು ಸುಪ್ತವಾಗಿದೆಯೆಂದು ವರದಿ ಬಂದಾಗ ನಾನು ಕುಸಿದುಹೋದೆ. ನಮ್ಮ ದೇಶದಲ್ಲಿ ಇದು ಅಪರೂಪವಲ್ಲವೆಂದೂ, ರೋಗನಿರೋಧಕ ಶಕ್ತಿಯ ಒಂದು ಭಾಗವನ್ನು ತಗ್ಗಿಸುವ ಔಷಧಿ ಕೊಡುವ ಮೊದಲು ಅದಕ್ಕೆ ಚಿಕಿತ್ಸೆ ಆಗಲೇಬೇಕೆಂದೂ ವೈದ್ಯರು ವಿವರಿಸಿದರು. ಐಸೋನಿಯಾಜಿಡ್ ಮಾತ್ರೆಯನ್ನು ವಿಟಮಿನ್ ಬಿ6 ಜೊತೆಗೆ ಒಂದು ತಿಂಗಳು ತೆಗೆದುಕೊಂಡ ಮೇಲಷ್ಟೇ ಮೊದಲ ಚುಚ್ಚುಮದ್ದು ಸಿಕ್ಕಿತು. ಮಾತ್ರೆಯನ್ನು ಒಟ್ಟು ಆರು ತಿಂಗಳು ಮುಂದುವರಿಸಿದೆ. ಆ ಒಂದು ತಿಂಗಳ ಕಾಯುವಿಕೆ ಎಷ್ಟೇ ಕಷ್ಟವೆನಿಸಿದರೂ ಈ ಪರೀಕ್ಷೆಯನ್ನು ಯಾರೂ ತಪ್ಪಿಸಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಮೊದಲ ದಿನದಿಂದ ನಾಲ್ಕನೆಯ ವಾರದವರೆಗೆ ವಾರಕ್ಕೊಮ್ಮೆ, ಬಳಿಕ ನಾಲ್ಕು ವಾರಕ್ಕೊಮ್ಮೆ 300 ಮಿಲಿಗ್ರಾಂ, ಅಂದರೆ 150ರ ಎರಡು ಚುಚ್ಚುಮದ್ದುಗಳು. ಮೂರನೆಯ ವಾರಕ್ಕೆ ತುರಿಕೆ ನಿಂತಿತು. ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಕಡುನೀಲಿ ಹಾಸಿಗೆಯನ್ನು ಕೊಡವಿದಾಗ ನೆಲದ ಮೇಲೆ ಏನೂ ಬೀಳಲಿಲ್ಲ. ಪೊರಕೆ ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದೆ.

ಕಷ್ಟವೆಲ್ಲ ಹಣ ಮತ್ತು ತಂಪಿನದು. ಔಷಧಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಹೆಪ್ಪುಗಟ್ಟಲೂಬಾರದು. ಒಮ್ಮೆ ಔಷಧಿ ಅಂಗಡಿಯವರು ಕಳುಹಿಸಿದ ಪೆಟ್ಟಿಗೆಯೊಳಗಿನ ಐಸ್ ಪ್ಯಾಕ್ ಪೂರ್ತಿ ಕರಗಿ, ಪೆಟ್ಟಿಗೆಯೇ ಬೆಚ್ಚಗಾಗಿತ್ತು. ಅದನ್ನು ಹಿಂದಿರುಗಿಸಿ ಬೇರೆ ತರಿಸಿಕೊಳ್ಳಲು ಒಂಬತ್ತು ದಿನ ಹಿಡಿಯಿತು. ಆಸ್ಪತ್ರೆಯಲ್ಲಿ ಒಂದು ರಾತ್ರಿಯೂ ದಾಖಲಾಗಿಲ್ಲವೆಂಬ ಕಾರಣ ಕೊಟ್ಟು ವಿಮಾ ಕಂಪನಿ ನನ್ನ ಮೊದಲ ಅರ್ಜಿಯನ್ನು ತಳ್ಳಿಹಾಕಿತು. ಸೆಕ್ಯುಕಿನುಮ್ಯಾಬ್ ಒಂದು ಮೊನೊಕ್ಲೋನಲ್ ಆ್ಯಂಟಿಬಾಡಿ, ಅಂದರೆ ಒಂದೇ ಗುರಿಗೆ ಅಂಟಿಕೊಳ್ಳುವಂತೆ ತಯಾರಿಸಿದ ಪ್ರೋಟೀನು. ಚುಚ್ಚುಮದ್ದಾಗಿ ಕೊಡುವ ಇಂಥ ಚಿಕಿತ್ಸೆಯನ್ನು ಹೊರಗಿಡಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲೇ ಮಾರ್ಗಸೂಚಿ ಹೊರಡಿಸಿದ್ದನ್ನು ಉಲ್ಲೇಖಿಸಿ ಮತ್ತೆ ಬರೆದ ಮೇಲೆ ಒಂದು ಭಾಗ ಮಂಜೂರಾಯಿತು. ಈ ಓಡಾಟದ ನಡುವೆ ಎರಡು ಡೋಸ್ ತಪ್ಪಿ, ಬಲ ಮೊಣಕೈ ಮೇಲೆ ನಾಣ್ಯದಗಲದ ಕೆಂಪು ಮಚ್ಚೆ ಮರಳಿತು. ಔಷಧಿ ರೋಗವನ್ನು ಅಡಗಿಸಿಡುತ್ತದೆಯೇ ಹೊರತು ಬುಡಸಹಿತ ಕೀಳುವುದಿಲ್ಲವೆಂಬ ವೈದ್ಯರ ಮಾತು ಆಗ ಮನದಟ್ಟಾಯಿತು.

ಅಡ್ಡಪರಿಣಾಮಗಳಲ್ಲಿ ವರ್ಷಕ್ಕೆ ಒಂದೆರಡು ಬಾರಿ ಹೆಚ್ಚಾಗಿ ಕಾಡಿದ ನೆಗಡಿ, ಒಮ್ಮೆ ಬಾಯಲ್ಲಿ ಕಾಣಿಸಿಕೊಂಡ ಶಿಲೀಂಧ್ರದ ಸೋಂಕು ಇಷ್ಟೇ ನನ್ನ ಅನುಭವ. ಕರುಳಿನ ಉರಿಯೂತ ಇರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು, ಏಕೆಂದರೆ ಈ ಔಷಧಿಯಿಂದ ಅದು ಉಲ್ಬಣಿಸಬಹುದು. ಚರ್ಮ ತಿಳಿಯಾದ ಎಷ್ಟೋ ತಿಂಗಳ ನಂತರವೂ ಉಗುರುಗಳ ಮೇಲಿನ ಚುಕ್ಕೆಗುಳಿಗಳು ಹಾಗೆಯೇ ಇದ್ದವು. ಈಗ ಎಡ ಹೆಬ್ಬೆರಳಿನಲ್ಲಿ ಮಾತ್ರ ಎರಡು ಉಳಿದಿವೆ.