ಮಾಸ್ಟರ್ ಆಫ್ ಓರಿಯನ್ 2: ವರ್ಷಗಟ್ಟಲೆ ಆಡಿದವನ ವಿಮರ್ಶೆ

ಈ ಗೇಮ್ ಹೊರಬಂದದ್ದು 1996ರಲ್ಲಿ. ಸಿಮ್‌ಟೆಕ್ಸ್ ಕಂಪನಿ ಮಾಡಿತು, ಮೈಕ್ರೋಪ್ರೋಸ್ ಮಾರುಕಟ್ಟೆಗೆ ತಂದಿತು. ನಾನು ಆಡಲು ಶುರು ಮಾಡಿದ್ದು ಎಷ್ಟೋ ವರ್ಷ ತಡವಾಗಿ, ವಿಜಯಪುರದಲ್ಲಿ ಕೆಲಸ ಸಿಕ್ಕು ಸ್ವಂತ ದುಡ್ಡಲ್ಲಿ ಲ್ಯಾಪ್‌ಟಾಪ್ ತಗೊಂಡ ಮೇಲೆ. ಆ ಲ್ಯಾಪ್‌ಟಾಪ್ ಕೆಟ್ಟು ಇನ್ನೊಂದು ಬಂತು. ನಡುವೆ ಹೊಸ ಹೊಸ ಸ್ಪೇಸ್ ಗೇಮ್‌ಗಳನ್ನೂ ಕೊಂಡು ಆಡಿದೆ. ಆದರೂ ಹೊಸ ಲ್ಯಾಪ್‌ಟಾಪಿಗೆ ಮೊದಲು ಹಾಕಿದ್ದು ಇದನ್ನೇ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು ಸರದಿಯ ಆಟ. ಎಲ್ಲ ಕೆಲಸ ಮುಗಿಸಿ ನೀವು ಟರ್ನ್ ಬಟನ್ ಒತ್ತುವ ತನಕ ಕಾಲ ಮುಂದೆ ಹೋಗುವುದಿಲ್ಲ. ಒಂದು ಗ್ರಹದಿಂದ ಶುರು ಮಾಡಿ, ಸುತ್ತಲಿನ ನಕ್ಷತ್ರಗಳಿಗೆ ಹಡಗು ಕಳಿಸಿ, ಜನರನ್ನು ನೆಲೆಗೊಳಿಸಿ, ಸಾಮ್ರಾಜ್ಯ ಕಟ್ಟಬೇಕು. ಆರಿಸಿಕೊಳ್ಳಲು 13 ಜನಾಂಗಗಳಿವೆ. ಒಂದು ಆಟದಲ್ಲಿ ಎಂಟು ಪಾಳೆಯಗಳ ತನಕ ಇರಬಹುದು. ಗೆಲ್ಲಲು ಮೂರು ದಾರಿ: ಎಲ್ಲರನ್ನೂ ಸೋಲಿಸುವುದು, ಗ್ಯಾಲಕ್ಸಿಯ ಕೌನ್ಸಿಲ್‌ನಲ್ಲಿ ಮೂರನೇ ಎರಡರಷ್ಟು ಮತ ಪಡೆಯುವುದು, ಇಲ್ಲವೇ ಬೇರೆ ಆಯಾಮದಲ್ಲಿ ಕೂತು ಆಗಾಗ ದಾಳಿ ಮಾಡುವ ಆಂಟಾರನ್‌ಗಳ ಮನೆಗೇ ನುಗ್ಗಿ ಅವರನ್ನು ಮುಗಿಸುವುದು.

ಇಷ್ಟೆಲ್ಲ ಬೇರೆ ಗೇಮ್‌ಗಳಲ್ಲೂ ಇದೆ. ಇದನ್ನು ಬೇರೆಯಾಗಿಸುವುದು ಸಂಶೋಧನೆಯ ಪದ್ಧತಿ. ನನ್ನ ಮಟ್ಟಿಗೆ ಇಡೀ ಗೇಮಿನ ಜೀವ ಅಲ್ಲೇ ಇದೆ.

ಸಂಶೋಧನೆಗೆ ಎಂಟು ವಿಭಾಗ. ಪ್ರತಿ ವಿಭಾಗದಲ್ಲೂ ಮೆಟ್ಟಿಲುಗಳಿವೆ. ಬಹಳಷ್ಟು ಮೆಟ್ಟಿಲಿನಲ್ಲಿ ಎರಡೋ ಮೂರೋ ಟೆಕ್ನಾಲಜಿಗಳು ಕೂತಿರುತ್ತವೆ. ಸಾಮಾನ್ಯ ಜನಾಂಗಕ್ಕೆ ಅದರಲ್ಲಿ ಒಂದೇ ಸಿಗುತ್ತದೆ. ಒಂದನ್ನು ತಗೊಂಡರೆ ಉಳಿದವನ್ನು ಆ ಆಟ ಮುಗಿಯುವ ತನಕ ನೀವೇ ಕಂಡುಹಿಡಿಯಲು ಆಗುವುದಿಲ್ಲ. ಜೀವಶಾಸ್ತ್ರದ ಶುರುವಿನ ಮೆಟ್ಟಿಲನ್ನೇ ನೋಡಿ. ಒಂದು ಕಡೆ ಹೈಡ್ರೋಪೋನಿಕ್ ಫಾರ್ಮ್, ಇನ್ನೊಂದು ಕಡೆ ಬಯೋಸ್ಫಿಯರ್. ಫಾರ್ಮ್ ಕಟ್ಟಿದ ಗ್ರಹಕ್ಕೆ ಎರಡು ಪಾಲು ಊಟ ಜಾಸ್ತಿ ಬರುತ್ತದೆ. ಹುಲ್ಲುಕಡ್ಡಿ ಬೆಳೆಯದ ಬರಡು ಗ್ರಹದಲ್ಲೂ ಬರುತ್ತದೆ. ಬಯೋಸ್ಫಿಯರ್ ಕಟ್ಟಿದರೆ ಆ ಗ್ರಹದಲ್ಲಿ ಇನ್ನಷ್ಟು ಜನ ಹಿಡಿಸುತ್ತಾರೆ. ಜನ ಜಾಸ್ತಿ ಆದರೆ ಕೆಲಸ ಜಾಸ್ತಿ ಆಗುತ್ತದೆ, ಕೌನ್ಸಿಲ್‌ನಲ್ಲಿ ಮತವೂ ಜಾಸ್ತಿ. ಆದರೆ ಅವರ ಊಟ? ಸುತ್ತ ಬರಡು ಗ್ರಹಗಳೇ ಇದ್ದರೆ ನಾನು ಫಾರ್ಮ್ ಹಿಡಿಯುತ್ತೇನೆ. ತಾಯ್ನೆಲ ಫಲವತ್ತಾಗಿದ್ದು, ಊಟ ಸಾಗಿಸಲು ಸರಕು ಹಡಗುಗಳಿದ್ದರೆ ಬಯೋಸ್ಫಿಯರ್. ಇಲ್ಲಿ ಒಂದು ಸಿದ್ಧ ಉತ್ತರ ಅಂತ ಇಲ್ಲ. ನಕ್ಷೆ ನೋಡಿ ಯೋಚಿಸಲೇಬೇಕು.

ಬಿಟ್ಟದ್ದನ್ನು ಪಡೆಯಲು ದಾರಿಯೇ ಇಲ್ಲ ಅಂತಲ್ಲ. ನೆರೆಯವರ ಜೊತೆ ಕೊಟ್ಟು ತಗೊಳ್ಳಬಹುದು. ಗೂಢಚಾರರನ್ನು ಕಳಿಸಿ ಕದಿಯಬಹುದು. ಅವರ ಗ್ರಹವನ್ನೇ ಗೆದ್ದುಕೊಳ್ಳಬಹುದು. ಹೀಗಾಗಿ ನೀವು ಬಿಟ್ಟ ಒಂದೊಂದು ಟೆಕ್ನಾಲಜಿಯೂ ಮುಂದೆ ಒಂದು ಕಾರಣವಾಗುತ್ತದೆ. ಯಾರ ಜೊತೆ ಸ್ನೇಹ ಬೇಕು, ಯಾರ ಮೇಲೆ ಕಣ್ಣಿಡಬೇಕು ಅನ್ನೋದೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಸಂಶೋಧನೆ, ರಾಜಕೀಯ, ಯುದ್ಧ ಬೇರೆ ಬೇರೆ ಕೋಣೆಯಲ್ಲಿ ಕೂತಿಲ್ಲ. ಇದನ್ನು ಮಾಡಿದವರ ಜಾಣತನಕ್ಕೆ ನನಗೆ ಇವತ್ತಿಗೂ ಅಭಿಮಾನ.

ಸ್ವಂತ ಜನಾಂಗ ಕಟ್ಟಿಕೊಳ್ಳುವ ಸೌಲಭ್ಯವೂ ಇದೆ. ಕೈಗೆ 10 ಅಂಕ ಕೊಡುತ್ತಾರೆ. ಕೊರತೆಗಳನ್ನು ಒಪ್ಪಿಕೊಂಡರೆ ಇನ್ನೂ 10ರ ತನಕ ಸಿಗುತ್ತದೆ. ಇದರಲ್ಲಿ ಕ್ರಿಯೇಟಿವ್ ಅನ್ನೋ ಗುಣಕ್ಕೆ 8 ಅಂಕ. ಅದನ್ನು ತಗೊಂಡರೆ ಪ್ರತಿ ಮೆಟ್ಟಿಲಿನ ಎಲ್ಲ ಟೆಕ್ನಾಲಜಿಯೂ ನಿಮಗೇ. ತುಂಬ ಜನ ಇದನ್ನೇ ತಗೊಳ್ಳುತ್ತಾರೆ. ಕಲಿಯುವಾಗ ಸರಿ. ಆದರೆ ಕಲಿತ ಮೇಲೂ ಇದನ್ನೇ ಹಿಡಿದು ಕೂತರೆ ಗೇಮಿನ ಒಳ್ಳೆಯ ಭಾಗವನ್ನೇ ಬಿಟ್ಟಂತೆ. ಆರಿಸುವ ಕಷ್ಟ ಇಲ್ಲದಿದ್ದರೆ ಒಂದು ಆಟಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಮ್ಮಿಯಾಗುತ್ತದೆ.

ಗ್ರಹದ ಪರದೆ ಹೀಗಿದೆ. ಮೇಲೆ ಮೂರು ಸಾಲು: ರೈತರು, ಕಾರ್ಮಿಕರು, ವಿಜ್ಞಾನಿಗಳು. ಪ್ರತಿ ಸಾಲಿನಲ್ಲೂ ಪುಟ್ಟ ಪುಟ್ಟ ಜನ ನಿಂತಿರುತ್ತಾರೆ. ಒಬ್ಬನನ್ನು ಮೌಸ್‌ನಲ್ಲಿ ಹಿಡಿದು ಹೊಲದ ಸಾಲಿನಿಂದ ಲ್ಯಾಬಿನ ಸಾಲಿಗೆ ಬಿಟ್ಟರೆ ಊಟದ ಲೆಕ್ಕ ಇಳಿಯುತ್ತದೆ, ಸಂಶೋಧನೆ ಏರುತ್ತದೆ, ಕಣ್ಣೆದುರಿಗೇ. ಕಾರ್ಮಿಕರನ್ನು ಜಾಸ್ತಿ ತುಂಬಿದರೆ ಮಾಲಿನ್ಯ ಹೆಚ್ಚಿ, ಉತ್ಪಾದನೆಯ ಒಂದು ಪಾಲು ಅದನ್ನು ತೊಳೆಯಲಿಕ್ಕೇ ಹೋಗುತ್ತದೆ. ದೊಡ್ಡ ಗ್ರಹ ತಡೆದುಕೊಳ್ಳುತ್ತದೆ, ಸಣ್ಣದು ಬೇಗ ಕೊಳೆಯುತ್ತದೆ. ಖನಿಜ ಸಮೃದ್ಧವಾಗಿರುವ ಆದರೆ ಸಣ್ಣದಾಗಿರುವ ಗ್ರಹ ಸಿಕ್ಕಾಗ ಖುಷಿಪಡಬೇಕೋ ಬೇಡವೋ ಅಂತ ಕೂತು ಲೆಕ್ಕ ಹಾಕಬೇಕಾಗುತ್ತದೆ. ಆ ಲೆಕ್ಕ ಹಾಕುವುದರಲ್ಲೇ ನನಗೆ ಸುಖ.

ಮುದ್ದೇಬಿಹಾಳದಲ್ಲಿರುವ ಚಿಕ್ಕಪ್ಪನ ಮಗ ರಜೆಗೆ ಬಂದಾಗ ನಾವಿಬ್ಬರೂ ಒಂದೇ ಲ್ಯಾಪ್‌ಟಾಪಿನಲ್ಲಿ ಸರದಿಯ ಮೇಲೆ ಆಡುತ್ತೇವೆ. ಹಾಟ್‌ಸೀಟ್ ಅನ್ನೋ ಆಯ್ಕೆ ಗೇಮಿನಲ್ಲೇ ಇದೆ. ಒಬ್ಬನ ಸರದಿ ಇರುವಾಗ ಇನ್ನೊಬ್ಬ ಎದ್ದು ಹೊರಗೆ ಹೋಗಬೇಕು, ಪರದೆ ನೋಡುವ ಹಾಗಿಲ್ಲ. ಮೊದಮೊದಲು ಅವನು ಎಲ್ಲವನ್ನೂ ಯುದ್ಧದ ಹಡಗಿಗೇ ಸುರಿಯುತ್ತಿದ್ದ. "ತಮ್ಮಾ, ಮೊದಲ ಹೊಟ್ಟಿ ನೋಡು, ಆಮ್ಯಾಲೆ ಹಡಗ ಕಟ್ಟು" ಅಂದೆ. "ಅಣ್ಣಾ, ಹೊಟ್ಟಿ ಇದ್ದವರಿಗೆ ಆ ಚಿಂತಿ. ನಮ್ಮ ಮಂದಿ ಕಲ್ಲ ತಿಂತಾರ" ಅಂದ. ಅವನು ಆರಿಸಿದ್ದು ಸಿಲಿಕಾಯ್ಡ್. ಅವರಿಗೆ ಊಟವೇ ಬೇಡ, ಮಾಲಿನ್ಯ ತಟ್ಟುವುದಿಲ್ಲ. ಆದರೆ ಜನಸಂಖ್ಯೆ ನಿಧಾನಕ್ಕೆ ಬೆಳೆಯುತ್ತದೆ, ಬೇರೆ ಜನಾಂಗಗಳು ಅವರನ್ನು ಹತ್ತಿರ ಸೇರಿಸುವುದಿಲ್ಲ. ಅವನು ಓದಿದ್ದು ಕನ್ನಡ ಮಾಧ್ಯಮದಲ್ಲಿ, ಗೇಮ್ ಇರುವುದು ಪೂರ್ತಿ ಇಂಗ್ಲಿಷಿನಲ್ಲಿ. ಆದರೆ ಪರದೆಯ ಮೇಲಿನ ಯಾವುದರ ಮೇಲಾದರೂ ಮೌಸ್‌ನ ಬಲ ಬಟನ್ ಒತ್ತಿದರೆ ಅದೇನು, ಏನು ಮಾಡುತ್ತದೆ ಅಂತ ನಾಲ್ಕು ಸಾಲಿನ ವಿವರಣೆ ಬರುತ್ತದೆ. ಹಾಗೆ ಒತ್ತಿ ಒತ್ತಿಯೇ ಅವನು ಇಡೀ ಗೇಮ್ ಕಲಿತ. ಇಷ್ಟು ಹಳೆಯ ಗೇಮಿನಲ್ಲಿ ಈ ಸೌಲಭ್ಯ ಇಟ್ಟವರಿಗೆ ನಿಜವಾಗಿ ಕೈ ಮುಗಿಯಬೇಕು.

ರಾಜಕೀಯದ ಬಗ್ಗೆ ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ವ್ಯಾಪಾರ ಒಪ್ಪಂದ ಮಾಡಿಕೊಂಡರೆ ಮೊದಲು ನಷ್ಟ, ನಿಧಾನಕ್ಕೆ ಲಾಭ. ಹಾಗಾಗಿ ಒಪ್ಪಂದವನ್ನು ಬೇಗ ಮಾಡಿಕೊಂಡು ಉಳಿಸಿಕೊಳ್ಳಬೇಕು. ಮೈತ್ರಿಯಲ್ಲಿ ಬೇರೆ ತೊಡಕಿದೆ. ಮಿತ್ರ ತನ್ನ ಯುದ್ಧಕ್ಕೆ ನಿಮ್ಮನ್ನೂ ಎಳೆಯುತ್ತಾನೆ. ಒಲ್ಲೆ ಅಂದರೆ ಮುನಿಸು. ಒಬ್ಬರ ವಿರುದ್ಧ ಇನ್ನೊಬ್ಬರನ್ನು ಎತ್ತಿಕಟ್ಟಿ ದೊಡ್ಡವರಾಗುವುದು ಸುಲಭ, ದೊಡ್ಡವರಾದ ಮೇಲೆ ಉಳಿಯುವುದು ಕಷ್ಟ. ನಮ್ಮ ಜಿಲ್ಲೆಯವರಿಗೆ ಈ ಕಥೆ ಹೊಸದಲ್ಲ. ಅಳಿಯ ರಾಮರಾಯ ಸುಲ್ತಾನರ ಜಗಳಗಳಲ್ಲಿ ಒಮ್ಮೆ ಇವರ ಕಡೆ, ಒಮ್ಮೆ ಅವರ ಕಡೆ ನಿಂತು ಬೆಳೆದ. ಅವನ ಜೊತೆ ಸೇರಿ ಅಹ್ಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ ವಿಜಾಪುರದ ಒಂದನೇ ಅಲಿ ಆದಿಲ್ ಶಾ, ಆಮೇಲೆ ಅದೇ ಅಹ್ಮದ್‌ನಗರದ ಚಾಂದ್ ಬೀಬಿಯನ್ನು ಮದುವೆಯಾದ. ಗೋಲ್ಕೊಂಡ, ಬೀದರದವರೂ ಸೇರಿಕೊಂಡರು. 1565ರಲ್ಲಿ ಕೃಷ್ಣೆಯ ದಂಡೆಯಲ್ಲಿ, ತಾಳಿಕೋಟೆ ಯುದ್ಧ ಅಂತ ನಾವು ಶಾಲೆಯಲ್ಲಿ ಓದಿದ ಆ ಕಾಳಗದಲ್ಲಿ ವಿಜಯನಗರ ಸೋತಿತು. ಕೌನ್ಸಿಲ್‌ನಲ್ಲಿ ಮತ ಎಣಿಸುವಾಗ ನನಗೆ ಇದೇ ನೆನಪಾಗುತ್ತದೆ. ನೀವು ಕೂಡಿಸಿಟ್ಟ ಮತಗಳಲ್ಲಿ ಎಷ್ಟು ನಿಜವಾಗಿ ನಿಮ್ಮವು ಅನ್ನೋದು ಎಣಿಕೆಯ ಹೊತ್ತಿಗೇ ಗೊತ್ತಾಗುವುದು. ತೀರ್ಪು ಒಪ್ಪುವುದಿಲ್ಲ ಅಂತ ಹೇಳಿ ಯುದ್ಧ ಮುಂದುವರಿಸುವ ಅವಕಾಶವೂ ಇದೆ.

ಹಡಗು ಕಾಳಗವೂ ಸರದಿಯದ್ದೇ. ಪ್ರತಿ ಹಡಗನ್ನೂ ನೀವೇ ತಿರುಗಿಸಬೇಕು, ಯಾಕೆಂದರೆ ರಕ್ಷಾಕವಚ ನಾಲ್ಕು ದಿಕ್ಕಿಗೂ ಬೇರೆ ಬೇರೆ. ಒಂದು ಮಗ್ಗುಲು ಪೆಟ್ಟು ತಿಂದು ಸೋತಿದ್ದರೆ ಇನ್ನೊಂದು ಮಗ್ಗುಲು ಶತ್ರುವಿನ ಕಡೆ ಮಾಡಬೇಕು. ನನಗೆ ಬಹಳ ಇಷ್ಟವಾದ ತಂತ್ರ ಟ್ರ್ಯಾಕ್ಟರ್ ಬೀಮ್. ಎದುರಾಳಿಯ ಹಡಗನ್ನು ಅದರಿಂದ ಹಿಡಿದು ನಿಲ್ಲಿಸಬೇಕು. ದೊಡ್ಡ ಹಡಗಾದರೆ ಒಂದು ಬೀಮ್ ಸಾಲದು. ಅದು ಅಲುಗಾಡದಂತೆ ನಿಂತ ಮೇಲೆ ಪಕ್ಕಕ್ಕೆ ಹೋಗಿ ಸೈನಿಕರನ್ನು ಒಳಗೆ ನುಗ್ಗಿಸುವುದು. ಗೆದ್ದರೆ ಹಡಗು ನಮ್ಮದು. ಅದನ್ನು ಮನೆಗೆ ತಂದು ಬಿಚ್ಚಿಹಾಕಿದರೆ ಒಳಗಿನ ಟೆಕ್ನಾಲಜಿಯೂ ಸಿಗಬಹುದು. ಹಿಂದೆಂದೋ ಬಿಟ್ಟುಕೊಟ್ಟ ಆಯುಧ ಹೀಗೆ ಕೈಗೆ ಬಂದಾಗ ಆಗುವ ಖುಷಿಯೇ ಬೇರೆ.

ಕೊರತೆಗಳನ್ನೂ ಹೇಳಬೇಕು. ಆಟದ ಕೊನೆಯ ಭಾಗ ಎಳೆಯುತ್ತದೆ. ಗ್ರಹಗಳು ಜಾಸ್ತಿಯಾದ ಹಾಗೆ ಪ್ರತಿ ಟರ್ನ್‌ಗೂ ಇಲ್ಲಿ ಕಟ್ಟಡ ಮುಗಿಯಿತು, ಅಲ್ಲಿ ಮುಗಿಯಿತು ಅಂತ ವರದಿಗಳ ಸಾಲು. ಎಲ್ಲ ಗ್ರಹಕ್ಕೂ ಒಂದೇ ಸಲ ಆದೇಶ ಕೊಡುವ ವ್ಯವಸ್ಥೆ ಇಲ್ಲ. ತಾನೇ ಕಟ್ಟಿಕೊಳ್ಳಲಿ ಅಂತ ಬಿಟ್ಟರೆ ಕಂಪ್ಯೂಟರ್ ಬೇಡದ್ದನ್ನೆಲ್ಲ ಕಟ್ಟುತ್ತದೆ. ಎದುರಾಳಿ ಕಂಪ್ಯೂಟರ್ ಶುರುವಿನಲ್ಲಿ ಚುರುಕಾಗಿರುತ್ತದೆ, ಆಟ ಪಳಗಿದವರಿಗೆ ಆಮೇಲಾಮೇಲೆ ಸಾಟಿಯಾಗುವುದಿಲ್ಲ. ಹಡಗಿನ ವಿನ್ಯಾಸ ಐದನ್ನು ಮಾತ್ರ ಇಟ್ಟುಕೊಳ್ಳಬಹುದು, ಇದು ನಿಜಕ್ಕೂ ಕಿರಿಕಿರಿ. ಇನ್ನು ಚಿತ್ರಗಳು 640 ಗುಣಿಸು 480ರ ಕಾಲದ್ದು. ನನಗೆ ಅವು ಚೆಂದವೇ, ಆದರೆ ದೊಡ್ಡ ಮಾನಿಟರ್‌ನಲ್ಲಿ ಒಡೆದಂತೆ ಕಾಣುತ್ತವೆ.

ಹಾಗಾದರೆ ಹೊಸದನ್ನೇ ಆಡಬಾರದೇಕೆ ಅಂತ ಕೇಳಬಹುದು. 2003ರ ಮೂರನೇ ಭಾಗ ಬಹಳಷ್ಟು ಕೆಲಸವನ್ನು ಕಂಪ್ಯೂಟರ್ ಕೈಗೇ ಕೊಟ್ಟುಬಿಟ್ಟಿತು, ಆಡುವವನು ನೋಡುತ್ತಾ ಕೂರಬೇಕಾಯಿತು. 2016ರಲ್ಲಿ ಬಂದ ಹೊಸ ಮಾಸ್ಟರ್ ಆಫ್ ಓರಿಯನ್ ನೋಡಲು ತುಂಬ ಚೆನ್ನಾಗಿದೆ. ಆದರೆ ಅದರಲ್ಲಿ ಹಡಗುಗಳು ಗೆರೆ ಎಳೆದ ದಾರಿಯಲ್ಲೇ ಹೋಗಬೇಕು, ಕಾಳಗ ಸರದಿಯದ್ದಲ್ಲ. ಹಳೆಯದರಲ್ಲಿ ಇಂಧನ ತಲುಪುವಷ್ಟು ದೂರ ಎಲ್ಲಿಗೆ ಬೇಕಾದರೂ ಹೋಗಬಹುದು. ಸ್ಟೆಲ್ಲಾರಿಸ್ ಒಳ್ಳೆಯ ಗೇಮ್, ಅದರ ಕಥೆಗಳು ಸೊಗಸು. ಆದರೆ ಅಲ್ಲಿ ಕಾಲ ತಾನಾಗಿ ಓಡುತ್ತದೆ, ನಾವು ನಿಲ್ಲಿಸಿ ನಿಲ್ಲಿಸಿ ಆಡಬೇಕು. ಕೆಲಸ ಮುಗಿಸಿ ಬಂದು ರಾತ್ರಿ ಊಟ ಆದ ಮೇಲೆ ಕೂರುವ ನನಗೆ, ನಾನು ಒತ್ತಿದಾಗ ಮಾತ್ರ ಮುಂದೆ ಹೋಗುವ ಆಟವೇ ಬೇಕು.

ಕೊಳ್ಳುವವರಿಗೆ ಕೆಲವು ಮಾತು. ಗೇಮ್ ಮಾರುವ ಆನ್‌ಲೈನ್ ಅಂಗಡಿಗಳಾದ ಗಾಗ್ ಮತ್ತು ಸ್ಟೀಮ್ ಎರಡರಲ್ಲೂ ಸಿಗುತ್ತದೆ. ಗಾಗ್‌ನಲ್ಲಿ ಮೊದಲ ಭಾಗದ ಜೊತೆ ಸೇರಿಸಿ ಮಾರುತ್ತಾರೆ. ಹಳೇ ಗೇಮ್‌ಗಳನ್ನು ಓಡಿಸುವ ಡಾಸ್‌ಬಾಕ್ಸ್ ಅನ್ನೋ ಸಾಫ್ಟ್‌ವೇರ್ ಒಳಗೆ ಓಡುವುದರಿಂದ ಹಳೇ ಲ್ಯಾಪ್‌ಟಾಪ್ ಸಾಕು, ಗ್ರಾಫಿಕ್ಸ್ ಕಾರ್ಡ್ ಬೇಡ. ನಮ್ಮೂರಿನ ಏಪ್ರಿಲ್-ಮೇ ಬಿಸಿಲಲ್ಲಿ ಹೊಸ ಗೇಮ್ ಹಾಕಿದರೆ ಲ್ಯಾಪ್‌ಟಾಪ್ ಕೈ ಇಡಲಾಗದಷ್ಟು ಕಾಯುತ್ತದೆ. ಇದನ್ನು ಹಾಕಿದರೆ ಫ್ಯಾನಿನ ಸದ್ದೂ ಏರುವುದಿಲ್ಲ. ಕರೆಂಟ್ ಹೋಗುವ ಊರುಗಳಲ್ಲಿರುವವರು ಸೆಟಿಂಗ್ಸ್‌ನಲ್ಲಿ ಆಟೋಸೇವ್ ಆನ್ ಇಟ್ಟುಕೊಳ್ಳಿ. ಅಭಿಮಾನಿಗಳೇ ಮಾಡಿದ 1.50 ಪ್ಯಾಚ್ (ಗೇಮಿನ ತಪ್ಪು ತಿದ್ದುವ ಫೈಲ್) ಇದೆ, ಒಂದೆರಡು ಆಟ ಆಡಿದ ಮೇಲೆ ಅದನ್ನು ಹಾಕಿಕೊಳ್ಳುವುದು ಒಳ್ಳೆಯದು.

ಮೊದಲ ಆಟಕ್ಕೆ ಸೈಲಾನ್ ಜನಾಂಗ ಹಿಡಿಯಿರಿ. ಅವರು ಕ್ರಿಯೇಟಿವ್, ಸಂಶೋಧನೆಯಲ್ಲೂ ಮುಂದು. ಎಲ್ಲ ಟೆಕ್ನಾಲಜಿಯ ಪರಿಚಯ ಆಗುತ್ತದೆ. ಮಧ್ಯಮ ಗಾತ್ರದ ಗ್ಯಾಲಕ್ಸಿ, ನಾಲ್ಕೈದು ಪಾಳೆಯ, ಆಂಟಾರನ್ ದಾಳಿ ಬೇಡ ಅಂತ ಇಟ್ಟುಕೊಳ್ಳಿ. ಎರಡನೇ ಆಟದಲ್ಲಿ ಮನುಷ್ಯರನ್ನು ತಗೊಂಡು ಆಂಟಾರನ್‌ಗಳನ್ನೂ ಆನ್ ಮಾಡಿ. ಹೈಡ್ರೋಪೋನಿಕ್ ಫಾರ್ಮ್ ಮತ್ತು ಬಯೋಸ್ಫಿಯರ್ ಪಕ್ಕಪಕ್ಕ ಬಂದಾಗ ಆತುರ ಮಾಡಬೇಡಿ. ಆ ಕಿಟಕಿ ಬಿಟ್ಟು, ನಕ್ಷೆಯಲ್ಲಿ ಸುತ್ತಲಿನ ಗ್ರಹಗಳನ್ನೆಲ್ಲ ಒಂದು ಸಲ ನೋಡಿ ಬಂದು ಆಮೇಲೆ ಆರಿಸಿ.