ಲೆಟ್ರೊಜೋಲ್ ತೆಗೆದುಕೊಳ್ಳುವವರಿಗೆ ಡೆಕ್ಸಾ ಸ್ಕ್ಯಾನ್: ಪರೀಕ್ಷೆ ಚೊಕ್ಕ, ರಿಪೋರ್ಟ್ ಮೇಲೆ ಕಣ್ಣಿರಲಿ

ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಎಲ್ಲ ಮುಗಿದ ಮೇಲೂ ಲೆಟ್ರೊಜೋಲ್ ಅಥವಾ ಅನಾಸ್ಟ್ರೊಜೋಲ್ ಮಾತ್ರೆ ಐದು ವರ್ಷವೋ ಇನ್ನೂ ಹೆಚ್ಚೋ ನಡೆಯುತ್ತದೆ. ಮುಟ್ಟು ನಿಂತ ಮೇಲೆ ಮೈಯಲ್ಲಿ ಉಳಿದಿರುವ ಅಷ್ಟಿಷ್ಟು ಈಸ್ಟ್ರೊಜೆನ್ನನ್ನೂ ಈ ಮಾತ್ರೆ ಇಳಿಸಿಬಿಡುತ್ತದೆ, ಮೂಳೆ ಸವೆಯಲು ಶುರುವಾಗುತ್ತದೆ. ನೋವಂತೂ ಇರುವುದಿಲ್ಲ, ಹಾಗಾಗಿ ಅಳೆದೇ ನೋಡಬೇಕು. ಶಿಬಿರಗಳಲ್ಲಿ ಹಿಮ್ಮಡಿ ಇಡಿಸಿ ಪುಕ್ಕಟೆ ನೋಡುವ ಯಂತ್ರ ಇದಕ್ಕೆ ಸಾಲದು. ವರ್ಷದಿಂದ ವರ್ಷಕ್ಕೆ ಎಷ್ಟು ಸವೆದಿದೆ ಎಂದು ಅದನ್ನು ನಂಬಿ ಹೇಳಲಾಗದು.

ಡೆಕ್ಸಾ ಅಂದರೆ ಮೂಳೆ ಎಷ್ಟು ಗಟ್ಟಿ ಎಂದು ಎಕ್ಸ್-ರೇಯಿಂದ ಅಳೆಯುವ ಪರೀಕ್ಷೆ, ಹತ್ತು ಹದಿನೈದು ನಿಮಿಷ ಮಲಗಿದ್ದರಾಯಿತು. ಸೂಜಿ ಇಲ್ಲ, ವಿಕಿರಣವೂ ತೀರಾ ಕಡಿಮೆ. ಹಿಂದಿನ ದಿನದಿಂದ ಕ್ಯಾಲ್ಸಿಯಂ ಮಾತ್ರೆ ಬೇಡ: ಕರಗದೆ ಹೊಟ್ಟೆಯಲ್ಲಿ ಉಳಿದರೆ ಬೆನ್ನುಮೂಳೆಯ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಬೇರಿಯಂ ಕುಡಿಸಿದ್ದರೆ, ಕಾಂಟ್ರಾಸ್ಟ್ ಸಿಟಿ ಅಥವಾ (ವಿಕಿರಣ ಔಷಧಿ ಚುಚ್ಚಿ ಮಾಡುವ) ಬೋನ್ ಸ್ಕ್ಯಾನ್ ಆಗಿದ್ದರೆ ಮೊದಲೇ ಹೇಳಿ, ಒಂದೆರಡು ವಾರ ಮುಂದೂಡಿಸಿ.

ಎಡವಟ್ಟಾಗುವುದು ರಿಪೋರ್ಟಿನಲ್ಲಿ. ಸೊಂಟದ ಭಾಗದ ಬೆನ್ನುಮೂಳೆಯ ಚಿತ್ರದಲ್ಲಿ ಎಲ್1ರಿಂದ ಎಲ್4ರವರೆಗೆ ನಾಲ್ಕು ಮಣಿಗಳ ನಡುವೆ ಗೆರೆ ಎಳೆದು, ಪ್ರತಿಯೊಂದಕ್ಕೂ ಟಿ-ಸ್ಕೋರ್ ಬರೆದಿರುತ್ತಾರೆ. ಆರೋಗ್ಯವಂತ ಯುವತಿಯರ ಮೂಳೆಗೆ ಹೋಲಿಸಿದ ಅಂಕಿ ಅದು, ಮೈನಸ್ ಹೆಚ್ಚಿದಷ್ಟೂ ಮೂಳೆ ಸವೆದಿದೆ ಎಂದರ್ಥ. ಮೂರಕ್ಕೆ ಮೈನಸ್ 2.4, 2.3, 2.5 ಇದ್ದು ನಾಲ್ಕನೆಯದು ಮಾತ್ರ ಮೈನಸ್ 0.6 ಅಂದರೆ ಅದು ಗಟ್ಟಿ ಮೂಳೆ ಎಂದು ಹಿಗ್ಗಬೇಡಿ. ಸವಕಲು ಬಂದು ಮುಳ್ಳು ಬೆಳೆದ ಮಣಿಯೂ, ಕುಸಿದ ಮಣಿಯೂ ಹಾಗೇ ಕಾಣುತ್ತವೆ. ಅದನ್ನು ಬಿಟ್ಟು ಸರಾಸರಿ ತೆಗೆಯಬೇಕು. ನಾಲ್ಕನ್ನೂ ಕೂಡಿಸಿ 'ಪರವಾಗಿಲ್ಲ' ಎಂದು ಬರೆದ ರಿಪೋರ್ಟಿಗೆ ಮರುಪರಿಶೀಲನೆ ಕೇಳಿ. ತೊಡೆಮೂಳೆಯ ಕುತ್ತಿಗೆಯ ಅಂಕಿಯೂ ಇರಲೇಬೇಕು.

ಟಿ-ಸ್ಕೋರ್ ಮೈನಸ್ 2.5 ಮುಟ್ಟಿದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಈ ಮಾತ್ರೆಯವರಲ್ಲಿ ಅಷ್ಟರವರೆಗೆ ಕಾಯದೆ ಮೈನಸ್ 2ಕ್ಕೇ ಮೂಳೆ ಸವೆತ ತಡೆಯುವ ಇಂಜೆಕ್ಷನ್ ಮಾತು ಬರುವುದುಂಟು. ಜೊಲೆಡ್ರಾನಿಕ್ ಆಸಿಡ್ ಆದರೆ ಆರು ತಿಂಗಳಿಗೊಮ್ಮೆ 4 ಮಿಲಿಗ್ರಾಂ, ಡ್ರಿಪ್‌ನಲ್ಲಿ 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ. ಅದಕ್ಕೂ ಮೊದಲು ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ), ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿಸಬೇಕು. ಕೀಳಿಸಬೇಕಾದ ಹಲ್ಲಿದ್ದರೆ ಅದನ್ನೂ ಮುಗಿಸಿಕೊಳ್ಳಿ, ಆಮೇಲೆ ಕಿತ್ತರೆ ದವಡೆ ಮೂಳೆ ಮಾಯದೆ ಕಾಡಬಹುದು. ಮೊದಲ ಡೋಸಿನ ನಂತರ ಒಂದೆರಡು ದಿನ ಜ್ವರ, ಮೈಕೈ ನೋವು ಮಾಮೂಲು.

ಇನ್ನೊಂದು ಇಂಜೆಕ್ಷನ್ ಡೆನೊಸುಮ್ಯಾಬ್, ಆರು ತಿಂಗಳಿಗೊಮ್ಮೆ 60 ಮಿಲಿಗ್ರಾಂ ಚರ್ಮದಡಿ ಕೊಡುವುದರಿಂದ ಸಲೀಸು ಅನ್ನಿಸುತ್ತದೆ, ಆದರೆ ತಾರೀಖು ತಪ್ಪಿಸುವವರಿಗೆ ನಾವು ಇದನ್ನು ಹೇಳುವುದಿಲ್ಲ. ಆರು ತಿಂಗಳು ದಾಟಿ ಸುಮ್ಮನೆ ಬಿಟ್ಟರೆ ಉಳಿಸಿಕೊಂಡ ಮೂಳೆ ಬೇಗ ಕರಗಿ, ಒಟ್ಟೊಟ್ಟಿಗೆ ಎರಡು ಮೂರು ಮಣಿ ಕುಸಿದ ಉದಾಹರಣೆಗಳಿವೆ. ನಿಲ್ಲಿಸಲೇಬೇಕಾದರೆ ಬದಲಿ ಔಷಧಿ ಗೊತ್ತುಮಾಡಿಕೊಂಡೇ ನಿಲ್ಲಿಸಬೇಕು.

ಪರೀಕ್ಷೆಗೆ ಐದಕ್ಕೆ ನಾಲ್ಕೂವರೆ ಕೊಡಬಹುದು. ಅರ್ಧ ಕಳೆದದ್ದು ಒಂದು ಕಂಪನಿಯ ಯಂತ್ರದ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ನೋಡಲು ಬರುವುದಿಲ್ಲವೆಂದು. ಒಂದೆರಡು ವರ್ಷ ಬಿಟ್ಟು ಮತ್ತೆ ಮಾಡಿಸುವಾಗ ಅದೇ ಸೆಂಟರಿಗೆ, ಹಳೆಯ ರಿಪೋರ್ಟ್ ಹಿಡಿದುಕೊಂಡೇ ಹೋಗಿ.